ಫೋಟೊ ಎಷ್ಟು ನಿಜ ಹೇಳಬೇಕು?

ಹಾಸನಕ್ಕೆ ಹತ್ತಿರದ ಮೊಸಳೆಯಲ್ಲಿ ಒಂದೇ ಅಂಗಳದೊಳಗೆ ಎರಡು ಹೊಯ್ಸಳ ದೇವಸ್ಥಾನಗಳಿವೆ. ದಕ್ಷಿಣದ್ದು ನಾಗೇಶ್ವರನದು, ಉತ್ತರದ್ದು ಚೆನ್ನಕೇಶವನದು. ಇಮ್ಮಡಿ ಬಲ್ಲಾಳನ ಆಳ್ವಿಕೆಯಲ್ಲಿ, 1200ರ ಆಸುಪಾಸಿನಲ್ಲಿ ಕಟ್ಟಿದವು. ನಡುವೆ ಕೆಲವೇ ಅಡಿಗಳ ಸಂದು. ನಕಾಶೆ ಒಂದೇ, ಕಲ್ಲು ಒಂದೇ, ಅಳತೆಯೂ ಹೆಚ್ಚುಕಡಿಮೆ ಒಂದೇ. ಅವಳಿ ಗುಡಿ ಎಂದು ಎಲ್ಲರೂ ಕರೆಯುವುದರಲ್ಲಿ ತಪ್ಪಿಲ್ಲ. ಆದರೂ ಒಂದನ್ನು ನೋಡಿ ಮುಗಿಸಿ, ಇನ್ನೊಂದನ್ನೂ ನೋಡಿದ ಹಾಗಾಯಿತು ಎಂದು ಯಾರೂ ಹೊರಟುಬಿಡುವುದಿಲ್ಲ. ಗೋಡೆಯ ಮೂರ್ತಿಗಳು ಬೇರೆ ಬೇರೆ. ಅಷ್ಟೇ ಅಲ್ಲ, ಒಬ್ಬನೇ ರೂವಾರಿ ಒಂದೇ ಬಳ್ಳಿಯನ್ನು ಎರಡು ಸಲ ಕೆತ್ತಿದರೂ ಎರಡನೆಯ ಸಲ ಉಳಿ ಕೂದಲೆಳೆಯಷ್ಟು ಬೇರೆ ಕಡೆ ಹೊರಳುತ್ತದೆ. ಕೈಗೆಲಸದ ಸ್ವಭಾವವೇ ಅದು: ಅದು ಹೋಲುತ್ತದೆ, ಮರುಕಳಿಸುವುದಿಲ್ಲ. ಕ್ಯಾಮೆರಾ ಹುಟ್ಟಿರುವುದೇ ಮರುಕಳಿಸುವುದಕ್ಕೆ. ಒಂದು ಸಲ ಹಿಡಿದ ಚಿತ್ರ ಸಾವಿರ ಫೋನುಗಳಲ್ಲಿ ಒಂದು ಚುಕ್ಕೆಯೂ ಆಚೀಚೆಯಾಗದೆ ಕೂರುತ್ತದೆ. ಕೈಯಿಂದ ಮಾಡಿದ್ದೊಂದನ್ನು ಫೋಟೊ ತೆಗೆದು ಇನ್ನೊಬ್ಬರಿಗೆ ತೋರಿಸುವಾಗ ಈ ಎರಡು ಸ್ವಭಾವಗಳು ಮುಖಾಮುಖಿಯಾಗುತ್ತವೆ. ಆಗ ಒಂದು ಪ್ರಶ್ನೆ ಏಳುತ್ತದೆ. ಮೇಲ್ನೋಟಕ್ಕೆ ಅದು ವ್ಯಾಪಾರದ ಪ್ರಶ್ನೆ, ಬಗೆದು ನೋಡಿದರೆ ಧರ್ಮದ ಪ್ರಶ್ನೆ: ಆ ಫೋಟೊ ಎಷ್ಟು ನಿಜ ಹೇಳಬೇಕು?

ಪ್ರಶ್ನೆಯನ್ನು ಗುಡಿಯಷ್ಟು ದೊಡ್ಡದರಲ್ಲಿ ಇಟ್ಟು ನೋಡುವುದಕ್ಕಿಂತ ಅಂಗೈಯಷ್ಟು ಚಿಕ್ಕದರಲ್ಲಿ ಇಟ್ಟು ನೋಡುವುದು ಮೇಲು. ಕೈಯಿಂದ ಮಾಡಿದ ಶುಭಾಶಯದ ಕಾರ್ಡನ್ನೇ ತೆಗೆದುಕೊಳ್ಳೋಣ. ಯುಗಾದಿಗೆ, ದೀಪಾವಳಿಗೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಮನೆಯಲ್ಲೇ ಕೂತು ಕಾಗದ ಕತ್ತರಿಸಿ, ಬಣ್ಣ ಹಚ್ಚಿ, ದಾರವನ್ನೋ ಒಣಗಿದ ಎಲೆಯನ್ನೋ ಅಂಟಿಸಿ ಮಾಡುವಂಥದು. ಇದನ್ನು ಮಾರಲು ಈಗ ಅರಕಲಗೂಡಿನವರಿಗಾಗಲಿ ಹೊಳೆನರಸೀಪುರದವರಿಗಾಗಲಿ ಪೇಟೆಯಲ್ಲಿ ಅಂಗಡಿ ಬೇಕಿಲ್ಲ, ವಾಟ್ಸ್ಆಪ್ ಇದ್ದರೆ ಸಾಕು. ಆದರೆ ಅಂಗಡಿಯಲ್ಲಿ ಗಿರಾಕಿ ಮುಟ್ಟಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಇಲ್ಲಿ ಆ ಎಲ್ಲ ಕೆಲಸವನ್ನೂ ಫೋಟೊ ಒಂದೇ ಮಾಡಬೇಕು. ಕೊಳ್ಳುವವರು ನಂಬುವುದು ಕಾರ್ಡನ್ನಲ್ಲ, ಫೋಟೊವನ್ನು. ಮಾಡಿದವರ ಕೈಯಲ್ಲಿ ದುಡ್ಡು ಕಡಿಮೆ, ಇರುವುದು ಒಂದು ಸಾಧಾರಣ ಫೋನು. ಇಂಥ ಕಡೆ ‘ಒಳ್ಳೆಯ ಫೋಟೊ’ ಎಂದರೆ ಏನು ಎಂಬುದಕ್ಕೆ ನನ್ನ ಉತ್ತರ ಇದು: ವಸ್ತುವಿನ ಒಂದು ಮಗ್ಗುಲನ್ನು ಪ್ರಾಮಾಣಿಕವಾಗಿ ತೋರಿಸಿ, ತೋರಿಸಿದ್ದು ಒಂದು ಮಗ್ಗುಲು ಮಾತ್ರ ಎಂದೂ ಒಪ್ಪಿಕೊಳ್ಳುವ ಫೋಟೊ ಒಳ್ಳೆಯದು. ಅದಕ್ಕೆ ಹೆಚ್ಚು ದುಡ್ಡು ಬೇಡ.

ಮೊದಲು ಬೆಳಕಿನ ಮಾತು, ಏಕೆಂದರೆ ಕೈಯ ಗುರುತು ಕಾಣುವುದು ನೆರಳಿನಿಂದ. ಹೊಯ್ಸಳ ಗುಡಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಹೊಯ್ಸಳರ ಶಿಲ್ಪಿಗಳು ಒಡವೆಯ ಮಣಿಯಷ್ಟು ಸಣ್ಣ ಕೆತ್ತನೆಗೆ ಇಳಿಯಲು ಸಾಧ್ಯವಾದದ್ದು ಅದರಿಂದ. ಆ ಸಣ್ಣ ಕೆತ್ತನೆ ಎದುರು ಬಿಸಿಲಿನಲ್ಲಿ ಚಪ್ಪಟೆಯಾಗಿಬಿಡುತ್ತದೆ. ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬಂದಾಗ ಮಾತ್ರ ಪ್ರತಿ ಮಣಿಯ ಪಕ್ಕ ಒಂದು ಸಾಸಿವೆಯಷ್ಟು ನೆರಳು ಬಿದ್ದು ಉಳಿ ಎಲ್ಲಿ ಆಳಕ್ಕೆ ಹೋಯಿತು, ಎಲ್ಲಿ ತೇಲಿತು ಎಂಬುದು ತಿಳಿಯುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ದಕ್ಷಿಣದ ಗೋಡೆಯ ಮೂರ್ತಿಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಬಲ್ಲವರು ಶಾಸನ ಓದದೆಯೂ ಇಬ್ಬರ ಕೈಯನ್ನು ಬೇರೆ ಮಾಡಬಲ್ಲರು. ಬೇರೆ ಮಾಡುವುದು ಇಂಥ ನೆರಳುಗಳನ್ನು ನೋಡಿಯೇ. ಕಾರ್ಡಿಗೂ ಇದೇ ನ್ಯಾಯ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಮೇಜಿನ ಮೇಲೆ ಕಾರ್ಡು ಇಟ್ಟು, ಬೆಳಕು ಒಂದೇ ಮಗ್ಗುಲಿನಿಂದ ಬರುವಂತೆ ನೋಡಿಕೊಂಡರೆ ಕಾಗದದ ನಾರು, ಕತ್ತರಿಯ ಅಂಚು, ಅಂಟಿಸಿದ ಪದರದ ದಪ್ಪ ಎಲ್ಲವೂ ಎದ್ದು ಕಾಣುತ್ತವೆ. ಇನ್ನೊಂದು ಮಗ್ಗುಲು ತೀರಾ ಕಪ್ಪಾದರೆ ಅಲ್ಲಿ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಬೇಕು. ಬಿಸಿಲು ಖಾರವಾಗಿದ್ದರೆ ಕಿಟಕಿಗೆ ಹಳೆಯ ಬಿಳಿ ಪಂಚೆ ಕಟ್ಟಬೇಕು. ಟ್ಯೂಬ್‌ಲೈಟ್ ಆರಿಸಬೇಕು, ಇಲ್ಲದಿದ್ದರೆ ಎರಡು ಬೆಳಕುಗಳ ಬಣ್ಣ ಕಲೆತು ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗುತ್ತದೆ. ಲೆನ್ಸನ್ನು ಸೆರಗಿನಿಂದಲಾದರೂ ಒರೆಸಬೇಕು. ಫೋಟೊ ಮಸುಕಾಗಲು ಬೆರಳಿನ ಜಿಡ್ಡೂ ಒಂದು ಕಾರಣ. ಫೋನನ್ನು ಕಾರ್ಡಿಗೆ ಸಮಾನಾಂತರವಾಗಿ ಹಿಡಿದು, ಮೂಗು ತಾಗುವಷ್ಟು ಹತ್ತಿರ ಹೋಗದೆ ತುಸು ದೂರದಿಂದ ಎರಡು ಪಟ್ಟು ಹಿಗ್ಗಿಸಿ ತೆಗೆದರೆ ಚೌಕದ ಕಾರ್ಡು ಚೌಕವಾಗಿಯೇ ಉಳಿಯುತ್ತದೆ. ಕೈ ನಡುಗಿದರೆ ನಾಲ್ಕು ಪುಸ್ತಕ ಜೋಡಿಸಿ ಅವುಗಳ ಮೇಲೆ ಫೋನು ಇಟ್ಟು ಟೈಮರ್ ಹಾಕಬಹುದು. ಇಷ್ಟರಲ್ಲಿ ಖರ್ಚಿನ ಬಾಬ್ತು ಥರ್ಮಾಕೋಲ್ ಒಂದೇ.

ದುಡ್ಡಿದ್ದವರು ಕೊಳ್ಳುವ ವೃತ್ತಾಕಾರದ ರಿಂಗ್ ಲೈಟ್ ಮಾಡುವ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದು ಎದುರಿನಿಂದ, ಎಲ್ಲ ಕಡೆಯಿಂದ ಸಮನಾಗಿ ಬೆಳಕು ಚೆಲ್ಲಿ ನೆರಳನ್ನು ಅಳಿಸುತ್ತದೆ. ಮುಖದ ಸುಕ್ಕು ಮರೆಮಾಡಲು ಒಳ್ಳೆಯ ಉಪಾಯ. ಕೈಯಿಂದ ಮಾಡಿದ ಕಾರ್ಡಿಗೆ ಅದೇ ಉಪಾಯ ಹೂಡಿದರೆ ಅದು ಅಚ್ಚಿನ ಯಂತ್ರದಿಂದ ಇಳಿದು ಬಂದ ಕಾರ್ಡಿನಂತೆ ಕಾಣುತ್ತದೆ. ಯಾವುದಕ್ಕಾಗಿ ಗಿರಾಕಿ ನಾಲ್ಕು ಕಾಸು ಹೆಚ್ಚು ಕೊಡಲು ಸಿದ್ಧನಿದ್ದನೋ ಅದೇ ಮಾಯವಾಗುತ್ತದೆ. ಹಾಗೆಂದು ಬಡತನವೇ ಸತ್ಯ, ಸಿರಿತನ ಸುಳ್ಳು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಬೆಲೆಬಾಳುವ ದೀಪವನ್ನೂ ಓರೆಯಾಗಿ ಇಡಬಹುದು. ನಾನು ಹೇಳುವುದು ಇಷ್ಟೇ: ಈ ಕೆಲಸದಲ್ಲಿ ಪ್ರಾಮಾಣಿಕತೆ ದುಡ್ಡಿಗೆ ಕಾಯುವುದಿಲ್ಲ, ಆದ್ದರಿಂದ ದುಡ್ಡಿಲ್ಲ ಎಂಬುದು ನೆಪವಾಗಲಾರದು.

ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಾಢವಾಗಿದೆ. ಅದನ್ನು ಇಲ್ಲೇ ಸಡಿಲಿಸಿಬಿಡಬೇಕು. ಬೆಳ್ಳನೆಯ ಕಾರ್ಡನ್ನು ಬಿಳಿ ಹಾಸಿನ ಮೇಲಿಟ್ಟು ಫೋಟೊ ತೆಗೆದರೆ ಅದು ಬೂದು ಬೂದಾಗಿ ಬರುತ್ತದೆ. ಕಾರಣ, ಕ್ಯಾಮೆರಾದ ಬೆಳಕಿನ ಮಾಪಕ ತಾನು ನೋಡುವ ದೃಶ್ಯದಿಂದ ಸರಾಸರಿ ನೂರಕ್ಕೆ 18ರಷ್ಟು ಬೆಳಕು ಮರಳುತ್ತದೆ ಎಂಬ ಎಣಿಕೆಯ ಮೇಲೆ ಕಟ್ಟಿದ್ದು. ಜಗತ್ತೆಲ್ಲ ನಡುಬೂದು ಎಂದು ಅದು ಮೊದಲೇ ತೀರ್ಮಾನಿಸಿದೆ. ಹೊಸ ಫೋನುಗಳ ಲೆಕ್ಕ ಇನ್ನಷ್ಟು ಜಾಣತನದ್ದು, ಆದರೆ ಲೆಕ್ಕವೇ. ನ್ಯಾಯದರ್ಶನದ ಗೌತಮರ ಪ್ರಕಾರ ಇಂದ್ರಿಯಕ್ಕೂ ವಿಷಯಕ್ಕೂ ಸಂಪರ್ಕ ಒದಗಿ ಹುಟ್ಟಿದ ಅರಿವು ಪ್ರತ್ಯಕ್ಷ. ಕಂಡ ಒಂದರಿಂದ ಕಾಣದ ಇನ್ನೊಂದಕ್ಕೆ ಹೋಗುವುದು ಅನುಮಾನ. ಆ ಅಳತೆಗೋಲು ಹಿಡಿದರೆ ಫೋಟೊ ಪ್ರತ್ಯಕ್ಷದ ವೇಷ ತೊಟ್ಟ ಅನುಮಾನ. ಬೆರಳಿಟ್ಟು ಬೆಳಕು ಹೆಚ್ಚಿಸಿ ಬಿಳಿಯನ್ನು ಬಿಳಿಯಾಗಿಸುವುದು ಇಲ್ಲಿ ಮೋಸವಲ್ಲ, ಯಂತ್ರದ ತಪ್ಪು ಊಹೆಯನ್ನು ಕಣ್ಣಿನ ಸಾಕ್ಷ್ಯದಿಂದ ತಿದ್ದುವುದು. ತಿದ್ದದಿರುವುದೇ ಅಪ್ರಾಮಾಣಿಕತೆ ಆಗುವ ಸಂದರ್ಭವೂ ಇದೆ ಎಂಬುದು ‘ನಾನು ಏನೂ ಎಡಿಟ್ ಮಾಡಿಲ್ಲ’ ಎಂದು ಬೀಗುವವರಿಗೆ ಸ್ವಲ್ಪ ಇರುಸುಮುರುಸು ತರಬೇಕು.

ಹಾಗಾದರೆ ಎಲ್ಲ ಫೋಟೊವೂ ಸುಳ್ಳೇ ಅಲ್ಲವೆ, ಹೆಚ್ಚು ಕಡಿಮೆ ಎಂಬ ಜಗಳವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಕಾವ್ಯಮೀಮಾಂಸೆಯಲ್ಲಿ ಶಂಕುಕ ತಂದ ಚಿತ್ರತುರಗ ನ್ಯಾಯ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಚಿತ್ರದ ಕುದುರೆಯನ್ನು ನೋಡಿ ಕುದುರೆ ಎನ್ನುವವನ ಅರಿವು ನಿಜವಾದ ಕುದುರೆಯ ಅರಿವಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಬರೀ ಹೋಲಿಕೆಯ ಅರಿವೂ ಅಲ್ಲ. ಅದು ತನ್ನದೇ ಜಾತಿಯದು. ನಟನನ್ನು ಪಾತ್ರವೆಂದು ಕಾಣುವ ರಂಗಭೂಮಿಗೆ ಈ ಮಾತು ಸಾಕಾಗುತ್ತದೆ, ಏಕೆಂದರೆ ನಾಟಕ ಮುಗಿದ ಮೇಲೆ ರಾಮನ ಪಾತ್ರಧಾರಿಯನ್ನು ಯಾರೂ ಮನೆಗೆ ಕೊಂಡುಹೋಗುವುದಿಲ್ಲ. ಕಾರ್ಡಿನ ಫೋಟೊ ನೋಡಿದವರು ದುಡ್ಡು ಕೊಡುತ್ತಾರೆ, ನಾಲ್ಕು ದಿನಕ್ಕೆ ವಸ್ತು ಕೈಗೆ ಬರುತ್ತದೆ. ಚಿತ್ರದ ಕುದುರೆಯನ್ನು ತೋರಿಸಿ ನಿಜದ ಕುದುರೆ ಮಾರುವ ಸಂತೆ ಇದು.

ಉಳಿದ ಅರ್ಧ ಉತ್ತರ ಹಾಸನ ಜಿಲ್ಲೆಯಲ್ಲೇ ಸಿಗುತ್ತದೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟ 58 ಅಡಿ ಎತ್ತರ. ಕ್ಯಾಲೆಂಡರಿನಲ್ಲಿ ಅವನು ಯಾವಾಗಲೂ ಎದುರು ಮುಖ. ಪಾದದ ಬಳಿ ಮನುಷ್ಯರು ನಿಂತಿರದಿದ್ದರೆ ಆ ಚಿತ್ರದಿಂದ ಮೂರ್ತಿ ಐದಡಿಯೋ ಐವತ್ತೆಂಟಡಿಯೋ ಹೇಳಲಾಗದು. ಬೆನ್ನು ಹೇಗಿದೆ ಎಂದು ಅದು ಹೇಳುವುದಿಲ್ಲ. ಆದರೆ ಅದು ಸುಳ್ಳು ಹೇಳುತ್ತಿದೆ ಎಂದೂ ಅಲ್ಲ. ಜೈನರು ಇಂಥ ಅರಿವಿಗೆ ನಯ ಎನ್ನುತ್ತಾರೆ: ಅನಂತ ಧರ್ಮಗಳುಳ್ಳ ವಸ್ತುವಿನ ಒಂದು ಧರ್ಮವನ್ನು ಮುಂದಿಟ್ಟುಕೊಂಡು ನೋಡುವುದು. ನಯ ಅಪೂರ್ಣ, ಆದರೆ ಮಿಥ್ಯೆಯಲ್ಲ. ಇಷ್ಟೇ, ಇದರಾಚೆ ಏನೂ ಇಲ್ಲ ಎಂದು ಉಳಿದ ಮಗ್ಗುಲುಗಳನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆ. ಜೈನಾಚಾರ್ಯ ಸಮಂತಭದ್ರರ ಆಪ್ತಮೀಮಾಂಸೆ ಸತ್ಯ ಮಿಥ್ಯೆಗಳ ಗೆರೆ ಎಳೆಯುವುದು ಸುಮಾರಾಗಿ ಇಲ್ಲೇ. ಫೋಟೊಕ್ಕೆ ಇದಕ್ಕಿಂತ ಹೊಂದುವ ತತ್ತ್ವ ನನಗೆ ಬೇರೆಲ್ಲೂ ಕಂಡಿಲ್ಲ. ಒಂದು ಫೋಟೊ ಒಂದು ನಯ. ಅದು ಪೂರ್ಣವಾಗಿಲ್ಲ ಎಂದು ದೂರಬಾರದು. ಪೂರ್ಣವೆಂದು ನಟಿಸಿದರೆ ದೂರಬೇಕು. ಮುಂಭಾಗದ್ದು ಒಂದು, ಒಳಪುಟದ್ದು ಒಂದು, ಅಂಚಿನ ದಪ್ಪ ಕಾಣುವಂತೆ ಓರೆಯಾಗಿ ಒಂದು, ಗೊಮ್ಮಟನ ಪಾದದ ಬಳಿಯ ಯಾತ್ರಿಕನ ಹಾಗೆ ಪಕ್ಕದಲ್ಲಿ ಬೆಂಕಿಪೊಟ್ಟಣವೋ ಸ್ಕೇಲೋ ಇರುವಂತೆ ಒಂದು. ನಾಲ್ಕು ಫೋಟೊ ತೆಗೆಯಲು ಒಂದು ಫೋಟೊಕ್ಕಿಂತ ಹೆಚ್ಚು ದುಡ್ಡು ಬೇಕಿಲ್ಲ. (ಮೊಸಳೆಯಲ್ಲಿ ಶಿವನನ್ನೂ ಕೇಶವನನ್ನೂ ಅಕ್ಕಪಕ್ಕ ನಿಲ್ಲಿಸಿದ್ದನ್ನು ಒಂದೇ ವಸ್ತುವಿಗೆ ಹಲವು ಮಗ್ಗುಲು ಎನ್ನುವ ಅನೇಕಾಂತದ ಶಿಲ್ಪವೆಂದು ಓದುವ ಆಸೆಯಾಗುತ್ತದೆ. ಕಟ್ಟಿಸಿದವರ ಮನಸ್ಸಿನಲ್ಲಿ ಅದಿತ್ತು ಎನ್ನಲು ಆಧಾರವಿಲ್ಲ, ಆದ್ದರಿಂದ ಆ ಆಸೆಯನ್ನು ಬಿಡುತ್ತೇನೆ.)

ಕೈಗೆಲಸದ ಗುರುತು ಎಲ್ಲಿ ಸತ್ಯ, ಎಲ್ಲಿ ಮೋಸ ಎಂಬುದಕ್ಕೆ ಮೈಸೂರಿನ ಗಂಜೀಫಾ ಆಟದ ಎಲೆಗಳು ಒಳ್ಳೆಯ ಸಾಕ್ಷಿ. ಕನ್ನಡನಾಡಿನಲ್ಲಿ ಕೈಯಿಂದ ಮಾಡಿದ ಕಾರ್ಡುಗಳ ಒಂದು ದೊಡ್ಡ ಪರಂಪರೆ ಅದು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ವಿವರಿಸಿದ ಛದ ಎಂಬ ಎಲೆಯಾಟಗಳಲ್ಲಿ ಕೆಲವಕ್ಕೆ 360 ಎಲೆಗಳವರೆಗೂ ಬೇಕು. ಪ್ರತಿ ಎಲೆಯ ಮುಖವನ್ನೂ ಚಿತ್ರಗಾರ ಕುಂಚದಿಂದ ಬರೆಯುತ್ತಿದ್ದ. ಮತ್ಸ್ಯದ ಕಣ್ಣು ಒಂದು ಎಲೆಯಲ್ಲಿ ತುಸು ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು, ಅದು ಸೊಗಸು. ಬೆನ್ನಿಗೆ ಮಾತ್ರ ಒಂದೇ ಬಣ್ಣ. ಅಲ್ಲಿ ಕುಂಚದ ಒಂದು ಗೆರೆ ಬೇರೆಯಾದರೂ ಆಟಗಾರ ಎದುರಾಳಿಯ ಕೈಯ ಎಲೆಯನ್ನು ಗುರುತು ಹಿಡಿಯಬಲ್ಲ, ಆಟ ಕೆಟ್ಟಿತು. ಮುಖದ ಮೇಲೆ ಗುಣವಾದದ್ದು ಬೆನ್ನ ಮೇಲೆ ದ್ರೋಹವಾಗುತ್ತದೆ. ಆದ್ದರಿಂದ ಸತ್ಯವನ್ನು ಬರೀ ಚಿತ್ರಕ್ಕೂ ವಸ್ತುವಿಗೂ ನಡುವಿನ ಹೋಲಿಕೆಯಿಂದ ಅಳೆಯಲಾಗದು. ಎದುರಿಗಿರುವವರು ಯಾವುದನ್ನು ನೆಚ್ಚಿ ಕೂತಿದ್ದಾರೆ ಎಂಬುದನ್ನು ಕೇಳಬೇಕು. ಬಣ್ಣವನ್ನು ನೆಚ್ಚಿದವರಿಗೆ ಬಣ್ಣ ತಪ್ಪಬಾರದು, ಅಳತೆಯನ್ನು ನೆಚ್ಚಿದವರಿಗೆ ಅಳತೆ.

ಈ ನೆಚ್ಚಿಕೆಯನ್ನು ಮುರಿದವರ ಮೇಲೆ ಯಾವ ತಪ್ಪು ಹೊರಿಸಬೇಕು? ಸುಳ್ಳು ಎಂದು ನಮ್ಮ ಬಾಯಿಗೆ ಬರುತ್ತದೆ. ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಬೇರೆ ರೀತಿ ವಿಂಗಡಿಸುತ್ತದೆ. ಗೃಹಸ್ಥರ ಅಣುವ್ರತಗಳಿಗೆ ಒದಗುವ ಅತಿಚಾರಗಳನ್ನು (ವ್ರತದ ಲೋಪಗಳನ್ನು) ಹೇಳುವಾಗ ಅದು ‘ಪ್ರತಿರೂಪಕ ವ್ಯವಹಾರ’ವನ್ನು ಸತ್ಯವ್ರತದ ಕೆಳಗೆ ಇಡದೆ ಅಸ್ತೇಯದ ಕೆಳಗೆ, ಎಂದರೆ ಕಳ್ಳತನದ ಸಾಲಿನಲ್ಲಿ, ಕಳ್ಳ ತೂಕ ಕಳ್ಳ ಅಳತೆಗಳ ಪಕ್ಕದಲ್ಲೇ ಇಡುತ್ತದೆ. ಅಸಲಿನಂತೆ ಕಾಣುವ ನಕಲಿಯನ್ನು ತೋರಿಸಿ ವ್ಯಾಪಾರ ಮಾಡುವುದು ಎಂದು ವ್ಯಾಖ್ಯಾನಕಾರರು ಅದನ್ನು ಬಿಡಿಸುತ್ತಾರೆ. ಅವರ ಕಣ್ಣ ಮುಂದಿದ್ದದ್ದು ಖೋಟಾ ಚಿನ್ನ. ಆದರೆ ತರ್ಕ ಫೋಟೊಕ್ಕೂ ಹಿಡಿಸುತ್ತದೆ. ಬಣ್ಣ ಕೆಂಪೇರಿಸಿದ ಚಿತ್ರ ತೋರಿಸಿ ಮಂಕು ಕಾರ್ಡು ಕಳಿಸಿದವರು ಮಾತಿನಲ್ಲಿ ಒಂದು ಸುಳ್ಳನ್ನೂ ಹೇಳಿರಲಿಕ್ಕಿಲ್ಲ. ಅವರು ಮಾಡಿದ್ದು ಎರಡು ಬೆಲೆಗಳ ನಡುವಿನ ದುಡ್ಡನ್ನು ಎತ್ತಿಕೊಂಡದ್ದು. ಈ ವಿಂಗಡಣೆ ನನಗೆ ಬಹಳ ಒಪ್ಪಿಗೆಯಾಗುತ್ತದೆ, ಏಕೆಂದರೆ ಸುಳ್ಳಿಗೆ ನಾವು ಸಲೀಸಾಗಿ ಸಬೂಬು ಹೇಳುತ್ತೇವೆ, ಕಳ್ಳತನಕ್ಕೆ ಹೇಳುವುದಿಲ್ಲ. ದೇಶದ ಕಾನೂನೂ ಈಚೆಗೆ ಅದೇ ದಾರಿಗೆ ಬಂದಿದೆ: ಗ್ರಾಹಕರ ರಕ್ಷಣೆಗಾಗಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ಜಾಹೀರಾತು ವಸ್ತುವಿನ ನಿಜ ಗುಣಗಳಿಗೆ ತಾಳೆಯಾಗಬೇಕು ಎನ್ನುತ್ತವೆ.

ಸಬೂಬುಗಳಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು. ಮಾರುವವರು ಸ್ವಲ್ಪ ಚೆಂದ ಮಾಡಿ ತೋರಿಸದೆ ಇನ್ನೇನು ಮಾಡಬೇಕು? ಈ ವಾದದಲ್ಲಿ ಹುರುಳಿದೆ, ಅದನ್ನು ಹಗುರಾಗಿ ತಳ್ಳಲಾಗದು. ಕುರೂಪವಾದ ಫೋಟೊ ಕೂಡ ಒಂದು ಅನ್ಯಾಯ. ಮಾಡಿದವರ ಶ್ರಮಕ್ಕೆ ಆಗುವ ಅನ್ಯಾಯ. ಆದರೆ ಅಲಂಕಾರ ಬೇರೆ, ಪ್ರತಿರೂಪಕ ಬೇರೆ. ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡಿದ ದಿನ ಮೂರ್ತಿ ಬೆಣ್ಣೆಯದೇ ಎಂದು ನಂಬಿ ಮನೆಗೆ ಹೋದ ಭಕ್ತರಿಲ್ಲ. ಅಲಂಕಾರ ತಾನು ಅಲಂಕಾರ ಎಂದು ತೋರಿಸಿಕೊಂಡೇ ಚೆಂದ ಕೊಡುತ್ತದೆ. ಕಾರ್ಡಿನ ಪಕ್ಕ ನಾಲ್ಕು ಸೇವಂತಿಗೆ ಇಡಿ, ಕೆಳಗೆ ಇಳಕಲ್ ಸೀರೆಯ ಸೆರಗು ಹಾಸಿ, ಬೆಳಿಗ್ಗೆಯ ಎಳೆಬೆಳಕಿಗೆ ಕಾಯಿರಿ. ಹೂವು ಕಾರ್ಡಿನೊಂದಿಗೆ ಬರುತ್ತದೆ ಎಂದು ಯಾರೂ ತಿಳಿಯುವುದಿಲ್ಲ. ಅಂಟಿನ ಕಲೆಯನ್ನು ಆ್ಯಪ್‌ನಲ್ಲಿ ಒರೆಸಿಹಾಕಿದಾಗ ಮಾತ್ರ ನೋಡುವವರಿಗೆ ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತದೆ. ಗೆರೆ ಅಲ್ಲಿದೆ. ಮದುವೆಯ ಗಾದೆಯಲ್ಲೂ ಆ ಸಾವಿರ ಸುಳ್ಳಿನ ಭಾರವನ್ನು ಹೇಳಿದ ದಲ್ಲಾಳಿ ಹೊತ್ತದ್ದನ್ನು ನಾನು ಕೇಳಿಲ್ಲ, ಹೊತ್ತದ್ದು ಮದುಮಗಳು.

ಎರಡನೆಯ ಸಬೂಬು ಹೊಸದು: ನಾನೇನೂ ಮಾಡಿಲ್ಲ, ಫೋನೇ ಮಾಡಿತು. ಇದೂ ಪೂರ್ತಿ ಸುಳ್ಳಲ್ಲ. 2023ರಲ್ಲಿ ಬಳಕೆದಾರನೊಬ್ಬ ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ಸ್ಯಾಮ್‌ಸಂಗ್ ಫೋನಿನಲ್ಲಿ ಫೋಟೊ ತೆಗೆದ. ಪರದೆಯಲ್ಲಿ ಇಲ್ಲದ ಕುಳಿಗಳೂ ಕಲೆಗಳೂ ಫೋಟೊದಲ್ಲಿ ಮೂಡಿಬಂದವು. ಚಂದ್ರನನ್ನು ಗುರುತಿಸಿ ವಿವರ ತುಂಬುವ ವ್ಯವಸ್ಥೆ ತಮ್ಮಲ್ಲಿದೆ ಎಂದು ಕಂಪನಿಯೇ ವಿವರಿಸಿತು. ಇಂಥ ಫೋನು ಕೈಕಾಗದದ ಒರಟನ್ನು ‘ದೋಷ’ ಎಂದು ತಿಳಿದು ನುಣುಪು ಮಾಡಿದರೆ ಆಶ್ಚರ್ಯವಿಲ್ಲ. ಹಾಗಾದರೆ ಕರ್ತೃ ಯಾರು? ಜೈನರ ಕರ್ಮವಿಚಾರ ಕೃತ, ಕಾರಿತ, ಅನುಮೋದಿತ ಎಂದು ಮೂರು ಬಾಗಿಲುಗಳನ್ನು ತೋರಿಸುತ್ತದೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಆದದ್ದಕ್ಕೆ ಒಪ್ಪಿಗೆ ಕೊಟ್ಟದ್ದು. ಫೋನು ಮಾಡಿದ ಬದಲಾವಣೆ ಕೃತವಲ್ಲ ಎಂದೇ ಇಟ್ಟುಕೊಳ್ಳಿ. ಬ್ಯೂಟಿ ಮೋಡ್ ಹಾಕಿಟ್ಟರೆ ಕಾರಿತ. ಕಾರ್ಡು ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ ಹಿಡಿದು, ಎರಡೂ ಬೇರೆಯಾಗಿವೆ ಎಂದು ಕಂಡೂ ಕಳಿಸಿದರೆ ಅನುಮೋದಿತ. ಮೂರನೆಯ ಬಾಗಿಲಿನಿಂದ ಯಾವ ಯಂತ್ರವೂ ನಮ್ಮನ್ನು ಪಾರುಮಾಡಲಾರದು.

ಇನ್ನು ಒಂದು ಆಕ್ಷೇಪ ಉಳಿಯುತ್ತದೆ, ಅದೇ ಎಲ್ಲಕ್ಕಿಂತ ಗಟ್ಟಿ. ಐವತ್ತು ಕಾರ್ಡು ಮಾಡಿದವರು ಐವತ್ತಕ್ಕೂ ಬೇರೆ ಬೇರೆ ಫೋಟೊ ತೆಗೆಯುತ್ತ ಕೂತರೆ ಹೊಟ್ಟೆ ತುಂಬುವುದು ಯಾವಾಗ? ಒಂದರ ಫೋಟೊ ತೋರಿಸಿ ಅದರಂಥ ಇನ್ನೊಂದನ್ನು ಕಳಿಸುವುದು ಅನಿವಾರ್ಯವಲ್ಲವೆ? ಯಂತ್ರದ ಪ್ರತಿಯಲ್ಲಿ ಅಸಲಿನ ಪ್ರಭೆ ಕಳೆದುಹೋಗುತ್ತದೆ ಎಂದು 1930ರ ದಶಕದಲ್ಲಿ ಚಿಂತಕ ವಾಲ್ಟರ್ ಬೆಂಜಮಿನ್ ವಾದಿಸಿದ. ಅವನ ಚಿಂತೆ ಅಸಲು ಒಂದೇ ಇದ್ದು ಪ್ರತಿ ಹಲವಾದಾಗಿನದು. ಇಲ್ಲಿ ಅಸಲೇ ಐವತ್ತು, ಪ್ರತಿ ಒಂದು. ಒಂದು ಫೋಟೊ ನಲವತ್ತೊಂಬತ್ತು ಅಸಲುಗಳ ಪರವಾಗಿ ನಿಂತು ಮಾತಾಡುತ್ತಿದೆ. ನಾಗೇಶ್ವರನ ಗುಡಿಯ ಚಿತ್ರ ತೋರಿಸಿ ಕೇಶವನ ಗುಡಿ ಹೀಗೇ ಇದೆ ಎಂದ ಹಾಗೆ ಇದು: ನೂರಕ್ಕೆ ತೊಂಬತ್ತು ಪಾಲು ಸರಿ, ಉಳಿದ ಹತ್ತರಲ್ಲಿ ಕೈಗೆಲಸದ ಜೀವವೆಲ್ಲ ಇದೆ. ಐವತ್ತು ಫೋಟೊ ಬೇಕೇ ಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಮಾದರಿ ತೋರಿಸುವುದು ನಯ. ಮಾದರಿಯೆಂದು ಹೇಳದೆ ತೋರಿಸುವುದು ದುರ್ನಯ. ನಡುವಿನ ದೂರವನ್ನು ದಾಟಲು ಒಂದು ವಾಕ್ಯ ಸಾಕು.

ಆದ್ದರಿಂದ ಮನೆಯಲ್ಲಿ ಕಾರ್ಡು ಮಾಡಿ ಮಾರುವವರಲ್ಲಿ ನನ್ನ ಕೋರಿಕೆ ಇಷ್ಟು. ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಕಳಿಸುವ ಮೊದಲು ಕಾರ್ಡನ್ನು ಫೋನಿನ ಪಕ್ಕ ಹಿಡಿದು ತಾಳೆ ನೋಡಿ, ಫೋಟೊದ ಕೆಳಗೆ ಕನ್ನಡದಲ್ಲಿ ಹೀಗೊಂದು ಸಾಲು ಬರೆಯಿರಿ: ನಿಮಗೆ ಬರುವ ಕಾರ್ಡು ಇದರಂತೆ ಇರುತ್ತದೆ, ಇದೇ ಆಗಿರುವುದಿಲ್ಲ.